ಗ್ರೇಟ್ ಗ್ಲೆನ್ ವೇ: ಫೋರ್ಟ್ ವಿಲಿಯಂನಿಂದ ಇನ್ವರ್ನೆಸ್‌ವರೆಗೆ ಆರು ದಿನದ ಕಾಲ್ನಡಿಗೆ, ಸಮಗ್ರ ಮಾರ್ಗದರ್ಶಿ

ಸ್ಕಾಟ್ಲೆಂಡಿನ ಗ್ರೇಟ್ ಗ್ಲೆನ್ ವೇ ಸುಮಾರು 125 ಕಿ.ಮೀ. ಉದ್ದದ ಕಾಲುದಾರಿ. ನೈಋತ್ಯದ ಫೋರ್ಟ್ ವಿಲಿಯಂನಲ್ಲಿ ಶುರುವಾಗಿ, ಕ್ಯಾಲೆಡೋನಿಯನ್ ಕಾಲುವೆಯ ಏರಿ ಹಿಡಿದು, ಲಾಖಿ, ಓಯಿಖ್, ನೆಸ್ ಎಂಬ ಮೂರು ಸರೋವರಗಳ ಪಕ್ಕದಲ್ಲಿ ಸಾಗಿ, ಈಶಾನ್ಯದ ಇನ್ವರ್ನೆಸ್ ಕೋಟೆಯ ಬಳಿ ಮುಗಿಯುತ್ತದೆ. ದಾರಿ ತಪ್ಪುವ ಭಯ ಕಡಿಮೆ, ಉದ್ದಕ್ಕೂ ನೀಲಿ ಗುರುತುಕಂಬಗಳಿವೆ. ಆದರೂ ಹೋದವರು ಎಡವುವುದು ಮೂರೇ ಕಡೆ: ಮೂರನೇ ದಿನ ಪಾದ ಕೈಕೊಟ್ಟು ಬಸ್ ಹತ್ತುವುದು, ಸಣ್ಣ ಊರಲ್ಲಿ ಮಲಗಲು ಜಾಗ ಸಿಗದೆ ಪರದಾಡುವುದು, ಕೊನೆಯ ದಿನ ಕತ್ತಲಾದರೂ ಇನ್ವರ್ನೆಸ್ ಮುಟ್ಟದಿರುವುದು. ಮೂರಕ್ಕೂ ಕಾರಣ ಶಕ್ತಿಯ ಕೊರತೆಯಲ್ಲ. ಮೊದಲು ಮಾಡಬೇಕಾದ್ದನ್ನು ಆಮೇಲೆ ಮಾಡಿರುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮುಗಿಸಿ.

ಹೆಸರುಗಳ ಬಗ್ಗೆ ಒಂದು ಮಾತು. ಅಲ್ಲಿನ ಫಲಕಗಳಲ್ಲಿ 'ಲಾಖ್' ಅಂದರೆ ಸರೋವರ. ಕಾಲುವೆಯಲ್ಲಿ ದೋಣಿಗಳನ್ನು ಏರಿಸಿ ಇಳಿಸುವ ಕಟ್ಟೆಗಳನ್ನು ಇಲ್ಲಿ 'ಲಾಕ್ ಗೇಟು' ಎಂದು ಬರೆದಿದ್ದೇವೆ.

## ಹಂತ 1: ತಿಂಗಳು ಮತ್ತು ದಿಕ್ಕು ಗೊತ್ತುಮಾಡಿ

ಮೇ ಅಥವಾ ಸೆಪ್ಟೆಂಬರ್ ಆರಿಸಿ. ಮೇ ತಿಂಗಳಲ್ಲಿ ಮಳೆ ತುಲನೆಗೆ ಕಡಿಮೆ, ಬೆಳಕು ರಾತ್ರಿ ಒಂಬತ್ತರ ತನಕ ಇರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಿಜ್ ಎಂಬ ಕಚ್ಚುವ ನೊರಜಿನ ಕಾಟ ವಿಪರೀತ. ನಮ್ಮ ಮಕ್ಕಳ ರಜೆ ಏಪ್ರಿಲ್–ಮೇಗೆ ಬರುವುದರಿಂದ ಕರ್ನಾಟಕದಿಂದ ಹೋಗುವವರಿಗೆ ಮೇ ಹೊಂದಿಕೆಯಾಗುತ್ತದೆ. ಅಕ್ಟೋಬರ್ ಕೊನೆಗೆ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಆಗ ಕೊನೆಯ ದಿನದ ದೂರವನ್ನು ಬೆಳಕಿನಲ್ಲಿ ಮುಗಿಸುವುದು ಕಷ್ಟ.

ನೈಋತ್ಯದಿಂದ ಈಶಾನ್ಯಕ್ಕೇ ನಡೆಯಿರಿ. ಗಾಳಿ ಹೆಚ್ಚಾಗಿ ಬೆನ್ನಿಗೆ ಬೀಸುತ್ತದೆ, ಮಟ್ಟಸ ದಾರಿ ಮೊದಲು ಸಿಗುತ್ತದೆ, ಏರುಗಳು ಬರುವ ಹೊತ್ತಿಗೆ ಕಾಲು ಹದಕ್ಕೆ ಬಂದಿರುತ್ತದೆ. ಇದರಲ್ಲಿ ಒಂದು ತೊಡಕೂ ಇದೆ. ಮಳೆಯೂ ಬೆನ್ನ ಹಿಂದಿನಿಂದಲೇ ಬರುವುದರಿಂದ ಅದು ತಲೆ ಮೇಲೆ ಬರುವ ತನಕ ಗೊತ್ತಾಗುವುದಿಲ್ಲ. ಗಂಟೆಗೊಮ್ಮೆ ನಿಂತು ಹಿಂದಿರುಗಿ ಆಕಾಶ ನೋಡುವುದನ್ನು ರೂಢಿ ಮಾಡಿಕೊಳ್ಳಿ.

## ಹಂತ 2: ಮೊದಲು ಹಾಸಿಗೆ, ಆಮೇಲೆ ವಿಮಾನ

ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಅಗ್ಗದ ವಿಮಾನ ಟಿಕೆಟ್ ಕಂಡ ಕೂಡಲೇ ಕೊಂಡು, ಆಮೇಲೆ ಕೋಣೆ ಹುಡುಕುತ್ತಾರೆ. ಫೋರ್ಟ್ ವಿಲಿಯಂ, ಇನ್ವರ್ನೆಸ್ ದೊಡ್ಡ ಊರುಗಳು, ಅಲ್ಲಿ ಜಾಗ ಸಿಕ್ಕೇ ಸಿಗುತ್ತದೆ. ನಿಮ್ಮ ದಿನಾಂಕವನ್ನು ತೀರ್ಮಾನಿಸುವುದು ನಡುವಿನ ಸಣ್ಣ ಊರುಗಳು. ಬುಕಿಂಗ್ ಹೀಗೆ ಮಾಡಿ:

1. ಇನ್ವರ್‌ಮೊರಿಸ್ಟನ್ ಮತ್ತು ಲ್ಯಾಗನ್. ಹಾಸಿಗೆಗಳು ಕೆಲವೇ ಇರುವ ಊರುಗಳು.
2. ಗೇರ್‌ಲಾಖಿ. ಇಲ್ಲಿ ಅಂಗಡಿಯಿಲ್ಲ, ವಸತಿಯೂ ಚದುರಿದಂತಿದೆ. ಸಿಗದಿದ್ದರೆ ಸ್ಪೀನ್ ಬ್ರಿಡ್ಜ್‌ನಲ್ಲಿ ಉಳಿದು, ಸಂಜೆ ಮತ್ತು ಬೆಳಿಗ್ಗೆಗೆ ಟ್ಯಾಕ್ಸಿಯನ್ನು ಮೊದಲೇ ಹೇಳಿಡಿ.
3. ಡ್ರಮ್ನಾಡ್ರಾಖಿಟ್ ಮತ್ತು ಫೋರ್ಟ್ ಅಗಸ್ಟಸ್.
4. ಎರಡು ತುದಿಯ ಊರುಗಳು, ಕೊನೆಗೆ ರೈಲು ಮತ್ತು ವಿಮಾನ.

ಇನ್ವರ್‌ಮೊರಿಸ್ಟನ್‌ನಲ್ಲಿ ಜಾಗವೇ ಇಲ್ಲದಿದ್ದರೆ ಯೋಜನೆ ಕೈಬಿಡಬೇಡಿ. ಫೋರ್ಟ್ ಅಗಸ್ಟಸ್‌ನಲ್ಲಿ ಎರಡು ರಾತ್ರಿ ತೆಗೆದುಕೊಳ್ಳಿ. ಇನ್ವರ್‌ಮೊರಿಸ್ಟನ್‌ವರೆಗೆ ನಡೆದು, ಎ82 ಹೆದ್ದಾರಿಯ ಬಸ್ಸಿನಲ್ಲಿ ವಾಪಸ್ ಬನ್ನಿ. ಮರುದಿನ ಬೆಳಿಗ್ಗೆ ಅದೇ ಬಸ್ಸಿನಲ್ಲಿ ಹೋಗಿ, ಬಿಟ್ಟ ಜಾಗದಿಂದ ಮುಂದುವರಿಸಿ. ಬಸ್ಸುಗಳ ನಡುವೆ ಅಂತರ ಹೆಚ್ಚು, ಭಾನುವಾರ ಇನ್ನೂ ಹೆಚ್ಚು. ವೇಳಾಪಟ್ಟಿ ನೋಡಿಯೇ ಹೊರಡಿ.

ಭಾರತೀಯ ಪಾಸ್‌ಪೋರ್ಟಿನವರಿಗೆ ಬ್ರಿಟನ್ನಿನ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಬೇಕು. ಪ್ರಯಾಣಕ್ಕೆ ಮೂರು ತಿಂಗಳಿಗಿಂತ ಮೊದಲು ಅರ್ಜಿ ಹಾಕಲಾಗುವುದಿಲ್ಲ. ಕೋಣೆಗಳೋ ಅದಕ್ಕಿಂತ ಬಹಳ ಮುಂಚೆಯೇ ತುಂಬಿಹೋಗುತ್ತವೆ. ಆದ್ದರಿಂದ ರದ್ದು ಮಾಡಿದರೆ ಹಣ ಹಿಂತಿರುಗುವ ಬುಕಿಂಗ್‌ಗಳನ್ನೇ ಆರಿಸಿ.

ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಫೋರ್ಟ್ ವಿಲಿಯಂಗೆ ರಾತ್ರಿ ರೈಲಿದೆ, ಶನಿವಾರ ರಾತ್ರಿ ಅದು ಓಡುವುದಿಲ್ಲ. ಗ್ಲಾಸ್ಗೋದ ಕ್ವೀನ್ ಸ್ಟ್ರೀಟ್‌ನಿಂದ ಹಗಲು ರೈಲಿನಲ್ಲಿ ನಾಲ್ಕು ಗಂಟೆಯ ಹತ್ತಿರ. ವಿಮಾನ ಇಳಿದ ಮರುದಿನವೇ ನಡೆಯಲು ಶುರುಮಾಡಬೇಡಿ. ನಿದ್ದೆ ಸರಿಹೋಗಲು ಒಂದು ರಾತ್ರಿಯಾದರೂ ನಡುವೆ ಇರಲಿ.

ಟೆಂಟ್ ಹಾಕುವವರಿಗೆ: ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆಯಡಿ ತೆರೆದ ಜಾಗದಲ್ಲಿ ಜವಾಬ್ದಾರಿಯಿಂದ ತಂಗಲು ಹಕ್ಕಿದೆ. ಮನೆ, ರಸ್ತೆ, ಬೇಲಿ ಹಾಕಿದ ಹೊಲಗಳಿಂದ ದೂರವಿರಿ, ಒಂದೇ ಕಡೆ ಎರಡು ಮೂರು ರಾತ್ರಿಗಿಂತ ಹೆಚ್ಚು ಬೇಡ. ಶೌಚಕ್ಕೆ ನೀರಿನಿಂದ ಕನಿಷ್ಠ 30 ಮೀಟರ್ ದೂರದಲ್ಲಿ ಗುಂಡಿ ತೋಡಿ ಮುಚ್ಚಿ. ಕಾಲುವೆ ಪಕ್ಕದ ಶೌಚಾಲಯ ಮತ್ತು ಸ್ನಾನಗೃಹಗಳಿಗೆ ಬೀಗವಿರುತ್ತದೆ. ಅದರ ಕೀಲಿಯನ್ನು ಹೊರಡುವ ಮೊದಲೇ ಕಾಲುವೆ ಕಚೇರಿಯಿಂದ ಪಡೆಯಬೇಕು. ಅರ್ಧ ದಾರಿಯಲ್ಲಿ ನೆನಪಾದರೆ ಉಪಯೋಗವಿಲ್ಲ.

## ಹಂತ 3: ಎಂಟು ವಾರ ಮಟ್ಟಸ ನೆಲದ ಮೇಲೆ ತಯಾರಿ

ಕುಮಾರಪರ್ವತ ಹತ್ತಿದವರು ಈ ದಾರಿಯನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಅಲ್ಲಿ ಎರಡು ದಿನ ಕಡಿದಾದ ಏರಿಳಿತ, ಆಮೇಲೆ ವಿಶ್ರಾಂತಿ. ನೆಲ ಏರುಪೇರಾದಾಗ ಪ್ರತಿ ಹೆಜ್ಜೆಗೂ ಪಾದದ ಬೇರೆ ಬೇರೆ ಭಾಗದ ಮೇಲೆ ಭಾರ ಬೀಳುತ್ತದೆ. ಕಾಲುವೆ ಏರಿಯಲ್ಲಿ ಹಾಗಲ್ಲ. ಗಟ್ಟಿಯಾದ ಜಲ್ಲಿ ನೆಲದಲ್ಲಿ ಒಂದೇ ಬಗೆಯ ಹೆಜ್ಜೆ ಸಾವಿರಾರು ಸಲ ಬಿದ್ದು, ಅದೇ ಹಿಮ್ಮಡಿ, ಅದೇ ಬೆರಳು ಉಜ್ಜುತ್ತದೆ. ಪಾದ ಕೆಡುವುದು ಇದರಿಂದ.

ಹಾಗಾಗಿ ಬೆಟ್ಟಕ್ಕಿಂತ ಗಟ್ಟಿ ದಾರಿಯಲ್ಲಿ ಅಭ್ಯಾಸ ಮಾಡಿ. ಮಂಡ್ಯದ ಕಡೆಯವರಿಗೆ ವಿಶ್ವೇಶ್ವರಯ್ಯ ನಾಲೆಯ ಏರಿ ಹೇಳಿ ಮಾಡಿಸಿದಂತಿದೆ. ಬೆಂಗಳೂರಿನವರಿಗೆ ಕೆರೆ ಏರಿಗಳು ಸಾಕು.

- 1ರಿಂದ 3ನೇ ವಾರ: ವಾರಕ್ಕೆ ಮೂರು ಸಲ 6–8 ಕಿ.ಮೀ., ಭಾನುವಾರ 12 ಕಿ.ಮೀ.
- 4ರಿಂದ 6ನೇ ವಾರ: ಶನಿವಾರ 16–18 ಕಿ.ಮೀ., ಬೆನ್ನಿಗೇ ಭಾನುವಾರ 12 ಕಿ.ಮೀ.
- 7ನೇ ವಾರ: ಒಂದರ ಹಿಂದೊಂದು ಮೂರು ದಿನ, 18–20 ಕಿ.ಮೀ. ಅದೇ ಬೂಟು, ಅದೇ ಕಾಲುಚೀಲ, ತುಂಬಿದ ಬ್ಯಾಗಿನೊಂದಿಗೆ.
- 8ನೇ ವಾರ: ಹಗುರ ನಡಿಗೆ ಮಾತ್ರ.

ಏಳನೇ ವಾರದ ಮೂರು ದಿನವೇ ನಿಜವಾದ ಪರೀಕ್ಷೆ. ಎಚ್ಚರಿಕೆಯ ಗುರುತು: ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚಿದರೆ, ಅಥವಾ ಮೊಣಕಾಲಿನ ಕೆಳಗೆ ಮುಂಭಾಗದ ಎಲುಬಿನುದ್ದಕ್ಕೂ ನೋವಿದ್ದರೆ ದೂರ ಕಡಿಮೆ ಮಾಡಿ, ವೈದ್ಯರಿಗೆ ತೋರಿಸಿ. ಅದೇ ಕಾಲಿನಲ್ಲಿ ವಿಮಾನ ಹತ್ತಿದರೆ ಎರಡನೇ ದಿನಕ್ಕೆ ಕುಂಟುತ್ತೀರಿ.

## ಹಂತ 4: ಬ್ಯಾಗು ಕಟ್ಟುವುದು

ಸಾಮಾನನ್ನು ಒಂದು ವಸತಿಯಿಂದ ಇನ್ನೊಂದಕ್ಕೆ ಸಾಗಿಸುವ ಸೇವೆಗಳು ಈ ದಾರಿಯಲ್ಲಿವೆ. ಬಳಸಿದರೆ ಬೆನ್ನಿನ ಚೀಲ 5–6 ಕೆ.ಜಿ.ಯಲ್ಲಿ ಮುಗಿಯುತ್ತದೆ. ಟೆಂಟ್ ಹೊರುವವರು ನೀರು, ಊಟ ಎಲ್ಲ ಸೇರಿ 12–13 ಕೆ.ಜಿ. ದಾಟಬಾರದು. ಸಾಗಣೆಗೆ ಕೊಡುವ ಚೀಲಕ್ಕೂ ತೂಕದ ಮಿತಿ ಇರುತ್ತದೆ. ವಿಮಾನಕ್ಕೆ ಹಾಕಿದ 23 ಕೆ.ಜಿ. ಪೆಟ್ಟಿಗೆಯನ್ನು ಹಾಗೇ ಒಪ್ಪಿಸಲು ಹೋಗಬೇಡಿ, ಮೊದಲೇ ವಿಚಾರಿಸಿ.

ಬೂಟು: ಭಾರದ ಚರ್ಮದ ಬೂಟು ಬೇಡ. ಹಿಡಿತವುಳ್ಳ ಹಗುರ ನಡಿಗೆ ಬೂಟು, ನಿಮ್ಮ ಅಳತೆಗಿಂತ ಅರ್ಧ ಸೈಜ್ ದೊಡ್ಡದು. ದಿನವಿಡೀ ನಡೆದಾಗ ಪಾದ ಊದಿಕೊಳ್ಳುತ್ತದೆ, ಆದ್ದರಿಂದ ಸಂಜೆ ಹೊತ್ತಲ್ಲೇ ಹಾಕಿ ನೋಡಿ ಕೊಳ್ಳಿ. ಉಣ್ಣೆ ಅಥವಾ ಸಿಂಥೆಟಿಕ್ ಕಾಲುಚೀಲ ಮೂರು ಜೊತೆ.

ಮಳೆ ಉಡುಪು: ಜಾಕೆಟ್ ಜೊತೆಗೆ ಪ್ಯಾಂಟೂ ಬೇಕು. ಪೋಂಚೋ ಗಾಳಿಗೆ ಮುಖಕ್ಕೆ ಬಡಿಯುತ್ತದೆ, ಛತ್ರಿ ಮಡಚಿಕೊಳ್ಳುತ್ತದೆ. ಊರಲ್ಲೇ ಜಾಕೆಟ್ ತೊಟ್ಟು ಹತ್ತು ನಿಮಿಷ ಷವರ್ ಕೆಳಗೆ ನಿಂತು ನೋಡಿ. ಭುಜದ ಹೊಲಿಗೆ, ಜಿಪ್ಪು, ಕತ್ತಿನ ಹಿಂಭಾಗ, ಈ ಮೂರು ಕಡೆ ಒಳಗಿನ ಬಟ್ಟೆ ಒದ್ದೆಯಾಗಿದ್ದರೆ ಆ ಜಾಕೆಟ್ ಬೇಡ. ಚೀಲದ ಮೇಲಿನ ಮಳೆ ಹೊದಿಕೆಯನ್ನು ನಂಬಬೇಡಿ, ಬೆನ್ನಿಗೆ ತಾಗುವ ಕಡೆಯಿಂದ ನೀರು ಇಳಿಯುತ್ತದೆ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಸಿ, ಅದರೊಳಗೆ ಸಾಮಾನು ಇಟ್ಟು, ಬಾಯಿ ಸುತ್ತಿ ಕಟ್ಟಿ.

ಬಟ್ಟೆ: ಜೀನ್ಸ್, ಹತ್ತಿ ಟೀಶರ್ಟ್ ಬೇಡ. ಒದ್ದೆಯಾದ ಹತ್ತಿ ಒಣಗುವುದಿಲ್ಲ, ಮೈಯ ಶಾಖವನ್ನು ಎಳೆಯುತ್ತದೆ. ಮೇ ತಿಂಗಳಲ್ಲೂ ಹಗಲಿನ ತಾಪಮಾನ 15 ಡಿಗ್ರಿಯ ಆಸುಪಾಸು. ಉಣ್ಣೆ ಟೋಪಿ, ತೆಳು ಕೈಗವಸು ಕೈಗೆ ಸಿಗುವಂತೆ ಮೇಲಿರಲಿ.

ನಕ್ಷೆ: ಇಡೀ ದಾರಿ ಒಂದೇ ಹಾಳೆಯಲ್ಲಿರುವ ಹಾರ್ವೆ ಕಂಪನಿಯ 1:40,000 ನಕ್ಷೆ ಸಾಕು. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ 1:50,000 ನಕ್ಷೆಯಾದರೆ ಹಾಳೆ ಸಂಖ್ಯೆ 41, 34, 26 ಬೇಕು. ಫೋನಿನಲ್ಲಿ ಆಫ್‌ಲೈನ್ ನಕ್ಷೆ ಇಳಿಸಿಕೊಂಡರೂ ಕಾಗದದ್ದು ಇರಲಿ.

ಉಳಿದದ್ದು: ತಲೆದೀಪ, ಸೀಟಿ, ಮಿಜ್ ಬಲೆ, ಉಣ್ಣಿ ತೆಗೆಯುವ ಚಿಮುಟ, ಅಂಟುಪಟ್ಟಿ, ಚೌಕ ಮೂರು ಪಿನ್ನಿನ ಬ್ರಿಟಿಷ್ ಅಡಾಪ್ಟರ್. ಪವರ್ ಬ್ಯಾಂಕ್ ಕೈಚೀಲದಲ್ಲಿ, ನಡಿಗೆ ಕೋಲು ಚೆಕ್-ಇನ್ ಪೆಟ್ಟಿಗೆಯಲ್ಲಿ. ಒಲೆಯ ಗ್ಯಾಸ್ ಡಬ್ಬಿ ವಿಮಾನದಲ್ಲಿ ನಿಷಿದ್ಧ, ಫೋರ್ಟ್ ವಿಲಿಯಂನಲ್ಲಿ ಕೊಳ್ಳಿ.

## ಹಂತ 5: ಊಟ ಮತ್ತು ನೀರು

ಭಾರತದಿಂದ ಬ್ರಿಟನ್‌ಗೆ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ತುಪ್ಪ, ಪನೀರ್, ಪೇಡ ಬಿಡಿ. ಹಸಿ ಕರಿಬೇವು, ಹಣ್ಣು ಕೂಡ ಬೇಡ. ಪ್ಯಾಕೆಟ್ಟಿನ ಅವಲಕ್ಕಿ ಮತ್ತು ಚಟ್ನಿಪುಡಿ ಬಹಳ ಉಪಯೋಗಕ್ಕೆ ಬರುತ್ತವೆ. ಅಲ್ಲಿನ ವಸತಿ ಕೋಣೆಗಳಲ್ಲಿ ನೀರು ಕಾಯಿಸುವ ಕೆಟಲ್ ಸಾಮಾನ್ಯವಾಗಿ ಇರುತ್ತದೆ. ತೆಳು ಅವಲಕ್ಕಿಗೆ ಬಿಸಿನೀರು ಚಿಮುಕಿಸಿ ಐದು ನಿಮಿಷ ಮುಚ್ಚಿಟ್ಟರೆ, ಊಟ ಸಿಗದ ಸಂಜೆಗೂ ಬೆಳಗಿನ ಹೊರಡುವಿಕೆಗೂ ಆಯಿತು.

ಸಾಮಾನು ತುಂಬಿಕೊಳ್ಳಲು ಗಟ್ಟಿ ಜಾಗಗಳು ಮೂರು: ಫೋರ್ಟ್ ವಿಲಿಯಂ, ಫೋರ್ಟ್ ಅಗಸ್ಟಸ್, ಡ್ರಮ್ನಾಡ್ರಾಖಿಟ್. ಫೋರ್ಟ್ ವಿಲಿಯಂ ಬಿಡುವಾಗ ಮೊದಲ ಎರಡೂ ದಿನದ ಮಧ್ಯಾಹ್ನದ ಊಟ ಚೀಲದಲ್ಲಿರಬೇಕು. ಪಬ್‌ಗಳ ಅಡುಗೆಮನೆ ಸಂಜೆ ಎಂಟೂವರೆ, ಒಂಬತ್ತಕ್ಕೆ ಮುಚ್ಚುತ್ತದೆ. ಸಸ್ಯಾಹಾರಿಗಳು ತರಕಾರಿ ಸೂಪ್ ತರಿಸುವಾಗ ಕೋಳಿ ಸಾರು ಬಳಸಿದ್ದಾರೆಯೇ ಎಂದು ಕೇಳಲೇಬೇಕು.

ನಲ್ಲಿ ನೀರು ನಿಶ್ಚಿಂತೆಯಿಂದ ಕುಡಿಯಬಹುದು. ಬೆಳಿಗ್ಗೆ ಒಂದೂವರೆಯಿಂದ ಎರಡು ಲೀಟರ್ ತುಂಬಿಕೊಳ್ಳಿ. ತೊರೆಯ ನೀರನ್ನು ಕುದಿಸಿ ಅಥವಾ ಸೋಸಿ ಕುಡಿಯಿರಿ, ಮೇಲೆಲ್ಲೋ ಕುರಿ, ಜಿಂಕೆ ಇರುತ್ತವೆ. ದೋಣಿಗಳು ಓಡಾಡುವ ಕಾಲುವೆ ನೀರು ಬೇಡವೇ ಬೇಡ.

## ಹಂತ 6: ದಿನದಿನದ ದಾರಿ

ಕಾಲುವೆಯ 97 ಕಿ.ಮೀ. ಉದ್ದದಲ್ಲಿ ಮನುಷ್ಯರು ಅಗೆದದ್ದು 35 ಕಿ.ಮೀ. ಮಾತ್ರ, ಉಳಿದದ್ದು ಸರೋವರ. 'ಕಾಲುವೆ ನಡಿಗೆ' ಎಂದು ಹೆಸರಾದರೂ ನಿಮ್ಮ ದಾರಿಯ ಹೆಚ್ಚಿನ ಭಾಗ ಕಾಡಿನ ಇಳಿಜಾರಿನಲ್ಲಿದೆ. ಇದನ್ನು ಮರೆತವರೇ ನಾಲ್ಕನೇ ದಿನದಿಂದಾಚೆಗೆ ಬಳಲುತ್ತಾರೆ. ಕೆಳಗಿನ ದೂರಗಳು ಅಂದಾಜು, ವಸತಿಗೆ ಹೋಗುವ ದೂರ ಬೇರೆ.

### ದಿನ 1: ಫೋರ್ಟ್ ವಿಲಿಯಂ – ಗೇರ್‌ಲಾಖಿ, 17 ಕಿ.ಮೀ.

ರೈಲು ನಿಲ್ದಾಣದ ಹತ್ತಿರದ ಹಳೇ ಕೋಟೆಯಿಂದ ಶುರು. ಊರಂಚಿನ ಬಡಾವಣೆಗಳನ್ನು ದಾಟಿ ಕೋರ್ಪಾಖ್‌ನಲ್ಲಿ ಕಾಲುವೆ ಸಿಗುತ್ತದೆ. ಬ್ಯಾನವಿಯಲ್ಲಿ ಎಂಟು ಲಾಕ್ ಗೇಟುಗಳ ಸಾಲು, ನೆಪ್ಚೂನ್ಸ್ ಸ್ಟೇರ್‌ಕೇಸ್. ಅದರ ಪಕ್ಕ ಸುಮಾರು 20 ಮೀಟರ್ ಏರಿದರೆ ಆ ದಿನದ ಏರು ಮುಗಿಯಿತು. ಅಲ್ಲಿಂದಾಚೆಗೆ ಮಟ್ಟಸವಾದ ಕಾಲುವೆ ಏರಿಯ ಮೇಲೆ ನಡಿಗೆ.

ಅಪಾಯ ಇರುವುದು ಇಲ್ಲೇ. ಹೊಸ ಹುಮ್ಮಸ್ಸು, ಚಪ್ಪಟೆ ನೆಲ, ಗಂಟೆಗೆ ಐದೂವರೆ ಕಿ.ಮೀ. ವೇಗ ತಾನಾಗಿ ಬರುತ್ತದೆ. ನಾಲ್ಕಕ್ಕೆ ಇಳಿಸಿ. ಪ್ರತಿ 5 ಕಿ.ಮೀ.ಗೆ ಬೂಟು ಕಾಲುಚೀಲ ಎರಡೂ ಬಿಚ್ಚಿ ಹತ್ತು ನಿಮಿಷ ಪಾದಕ್ಕೆ ಗಾಳಿ ಆಡಿಸಿ. ನೋವಿಲ್ಲದಿದ್ದರೂ ಬಿಚ್ಚಲೇಬೇಕು. ಹಿಂದಿರುಗಿ ನೋಡಿದರೆ 1,345 ಮೀಟರ್ ಎತ್ತರದ ಬೆನ್ ನೆವಿಸ್ ಕಾಣುತ್ತದೆ. ಮೋಡ ಅದರ ನೆತ್ತಿಯಿಂದ ಸೊಂಟಕ್ಕೆ ಇಳಿಯುತ್ತಿದ್ದರೆ ಮಳೆ ಪ್ಯಾಂಟ್ ಹೊರತೆಗೆಯಿರಿ.

### ದಿನ 2: ಗೇರ್‌ಲಾಖಿ – ಲ್ಯಾಗನ್, 20 ಕಿ.ಮೀ.

ಕ್ಲೂನ್ಸ್ ದಾಟಿದ ಮೇಲೆ ಲಾಖ್ ಲಾಖಿಯ ಪಶ್ಚಿಮ ದಡದ ಕಾಡುದಾರಿ. ಹೆದ್ದಾರಿ, ಬಸ್ಸು ಎಲ್ಲ ಸರೋವರದ ಆಚೆ ದಡದಲ್ಲಿ. 'ಸುಸ್ತಾದರೆ ಬಸ್ ಹಿಡಿಯೋಣ' ಎಂಬ ಲೆಕ್ಕ ಈ ದಿನ ನಡೆಯುವುದಿಲ್ಲ, ಅಂಗಡಿಯೂ ಇಲ್ಲ. ಬೆಳಿಗ್ಗೆ ಹೊರಡುವ ಮೊದಲೇ ಕಾಲು ಕುಂಟುತ್ತಿದ್ದರೆ ಗೇರ್‌ಲಾಖಿಯಿಂದಲೇ ಟ್ಯಾಕ್ಸಿ ಕರೆಸಿ. ಮರ ಕಡಿಯುವ ಕೆಲಸದಿಂದ ದಾರಿ ತಿರುಗಿಸಿದ ಫಲಕ ಕಂಡರೆ ಅದರಂತೆಯೇ ಹೋಗಿ. ಬೇಲಿ ದಾಟಿ ಹತ್ತಿರದ ದಾರಿ ಹಿಡಿಯಬೇಡಿ.

### ದಿನ 3: ಲ್ಯಾಗನ್ – ಫೋರ್ಟ್ ಅಗಸ್ಟಸ್, 17 ಕಿ.ಮೀ.

ಲಾಖ್ ಓಯಿಖ್‌ನ ಪೂರ್ವ ದಡದಲ್ಲಿ ಹಳೇ ರೈಲುಹಾದಿಯ ಜಾಡು, ಆಬರ್‌ಖಾಲ್ಡರ್ ಬಳಿ ಎ82 ದಾಟುವುದು, ಆಮೇಲೆ ಮತ್ತೆ ಕಾಲುವೆ ಏರಿ. ಕಲ್ಲಾಖಿ, ಕೈಟ್ರಾ ಲಾಕ್ ಗೇಟುಗಳನ್ನು ಹಾದು ಫೋರ್ಟ್ ಅಗಸ್ಟಸ್‌ನ ಐದು ಗೇಟುಗಳ ಸಾಲಿಗೆ ಇಳಿಯುತ್ತೀರಿ. ಗೇಟಿನ ಮೇಲೆ ಹಾಯುವುದಾದರೆ ಪಕ್ಕದ ಕಂಬಿ ಹಿಡಿದೇ ಹೋಗಿ. ಒದ್ದೆಯಾದ ಮರ, ಕಬ್ಬಿಣ ಜಾರುತ್ತದೆ. ನೀರು ಬೇಸಿಗೆಯಲ್ಲೂ ಕೊರೆಯುವಷ್ಟು ತಣ್ಣಗಿರುತ್ತದೆ, ಗೋಡೆ ನೆಟ್ಟಗಿರುವುದರಿಂದ ಬಿದ್ದವರು ಹತ್ತಿ ಬರಲಾರರು.

ಮುಂದುವರಿಯಬೇಕೇ ಎಂದು ಯೋಚಿಸಲು ಸರಿಯಾದ ಜಾಗ ಫೋರ್ಟ್ ಅಗಸ್ಟಸ್. ಪಾದ ಕೆಟ್ಟಿದ್ದರೆ ಇಲ್ಲಿ ಒಂದು ದಿನ ನಿಲ್ಲಿ. ಯೋಜನೆಯಲ್ಲಿ ಒಂದು ಬಿಡುವಿನ ದಿನ ಇಡಲು ಸಾಧ್ಯವಾದರೆ ಇಲ್ಲೇ ಇಡಿ.

### ದಿನ 4: ಫೋರ್ಟ್ ಅಗಸ್ಟಸ್ – ಇನ್ವರ್‌ಮೊರಿಸ್ಟನ್, 13 ಕಿ.ಮೀ.

ಊರಿಂದ ಹೊರಟ ಸ್ವಲ್ಪದರಲ್ಲೇ ದಾರಿ ಎರಡಾಗುತ್ತದೆ. ಕೆಳದಾರಿ ಮರಗಳ ನಡುವೆ, ಮೇಲ್ದಾರಿ ಮರದ ಸಾಲು ಮೀರಿ ಬಯಲಿನಲ್ಲಿ. ಲಾಖ್ ನೆಸ್ ಉದ್ದಕ್ಕೂ ಕಾಣುವುದು ಮೇಲಿನಿಂದ. ಆಕಾಶ ತಿಳಿಯಾಗಿದ್ದರೆ ಹಿಂದೆಮುಂದೆ ನೋಡದೆ ಮೇಲ್ದಾರಿ ಹಿಡಿಯಿರಿ. ಮೋಡ ಬೆಟ್ಟದ ಮೇಲೆ ಕೂತಿದ್ದರೆ ಅಥವಾ ಗಾಳಿ ಜೋರಿದ್ದರೆ ಕೆಳದಾರಿ. ಮೇಲೆ ಮರೆಯಿಲ್ಲ, ಏನೂ ಕಾಣುವುದೂ ಇಲ್ಲ.

### ದಿನ 5: ಇನ್ವರ್‌ಮೊರಿಸ್ಟನ್ – ಡ್ರಮ್ನಾಡ್ರಾಖಿಟ್, 23 ಕಿ.ಮೀ.

ಊರು ಬಿಟ್ಟ ಕೂಡಲೇ ಕಡಿದಾದ ಏರು. ಮೈ ಬಿಸಿಯಾಗುವ ಮೊದಲೇ ಜಾಕೆಟ್ ಬಿಚ್ಚಿ, ಬೆವರಿಗೆ ಒಳಗಿನ ಬಟ್ಟೆ ಒದ್ದೆಯಾದರೆ ಮೇಲೆ ನಿಂತಾಗ ನಡುಕ ಬರುತ್ತದೆ. ಇಲ್ಲೂ ಮೇಲ್ದಾರಿ, ಕೆಳದಾರಿ ಇವೆ, ಲೆಕ್ಕ ನಿನ್ನೆಯದೇ. ಕೊನೆಯ ಭಾಗ ಕಿರಿದಾದ ಡಾಂಬರು ರಸ್ತೆ. ವಾಹನಗಳು ನಮ್ಮಲ್ಲಿಯಂತೆ ಎಡಕ್ಕೆ ಚಲಿಸುವುದರಿಂದ, ಎದುರು ಬರುವುದು ಕಾಣುವಂತೆ ರಸ್ತೆಯ ಬಲ ಅಂಚಿನಲ್ಲಿ ಒಬ್ಬರ ಹಿಂದೊಬ್ಬರು ನಡೆಯಿರಿ.

### ದಿನ 6: ಡ್ರಮ್ನಾಡ್ರಾಖಿಟ್ – ಇನ್ವರ್ನೆಸ್, 31 ಕಿ.ಮೀ.

ಇಡೀ ನಡಿಗೆಯ ಅತಿ ಉದ್ದದ ದಿನ, ದಾರಿ ಸುಮಾರು 380 ಮೀಟರ್ ಎತ್ತರದ ತನಕ ಏರುತ್ತದೆ. ನಡುವೆ ಊರಿಲ್ಲ. ಅಬ್ರಿಯಾಖನ್ ಎಂಬಲ್ಲಿ ಅದೃಷ್ಟವಿದ್ದರೆ ಚಹಾ ಸಿಗಬಹುದು, ಅದನ್ನೇ ನಂಬಿ ಊಟ ಬಿಟ್ಟು ಹೋಗಬೇಡಿ.

ಬೆಳಿಗ್ಗೆ ಏಳೂವರೆಗೆ ಹೊರಡಿ. ವಸತಿಯವರು ತಿಂಡಿ ಎಂಟಕ್ಕೆ ಎಂದರೆ ಹಿಂದಿನ ರಾತ್ರಿಯೇ ಪೊಟ್ಟಣ ಕಟ್ಟಿಸಿಕೊಳ್ಳಿ. ಮೊದಲು ಹೆದ್ದಾರಿ ಪಕ್ಕ ಸ್ವಲ್ಪ ದೂರ, ಆಮೇಲೆ ಕಾಡಿನೊಳಗೆ ದೀರ್ಘ ಏರು. ಮಧ್ಯಾಹ್ನ ಹನ್ನೆರಡೂವರೆಗೆ 15 ಕಿ.ಮೀ. ಆಗಿರಬೇಕು. ಆಗಿಲ್ಲವೆಂದರೆ ಉಳಿದ ವಿಶ್ರಾಂತಿಗಳನ್ನು ಮೊಟಕು ಮಾಡಿ, ತಲೆದೀಪ ಮೇಲಿನ ಜೇಬಿಗೆ ತನ್ನಿ. ಅಬ್ರಿಯಾಖನ್ ಆದಮೇಲೆ ಬ್ಲ್ಯಾಕ್‌ಫೋಲ್ಡ್ ಕಡೆಯ ಡಾಂಬರು ರಸ್ತೆ ಪಾದಕ್ಕೆ ತುಂಬ ಹೊಡೆತ ಕೊಡುತ್ತದೆ. ಅದಕ್ಕೆ ಹೆಜ್ಜೆ ಇಡುವ ಮೊದಲು ಒಣ ಕಾಲುಚೀಲ ಬದಲಿಸಿ. ಮುಂದೆ ಇಳಿಜಾರು, ಕಾಲುವೆ ದಾಟುವುದು, ನೆಸ್ ನದಿಯ ನಡುಗಡ್ಡೆಗಳ ಕಾಲುಸೇತುವೆಗಳು, ಕೋಟೆ. ಅದೇ ರಾತ್ರಿಯ ರೈಲಿಗೆ ಟಿಕೆಟ್ ತೆಗೆಸಬೇಡಿ.

## ಹಂತ 7: ಪಾದದ ಆರೈಕೆ

ಬೊಬ್ಬೆ ಏಳುವ ಮೊದಲು ಪಾದದಲ್ಲಿ ಒಂದು ಜಾಗ ಬಿಸಿಯಾಗಿ ಉರಿಯತೊಡಗುತ್ತದೆ. ಆ ಕ್ಷಣವೇ ನಿಲ್ಲಿ. 'ಮುಂದಿನ ಗೇಟಿನ ತನಕ ನಡೆಯೋಣ' ಎಂದ ಹತ್ತಿಪ್ಪತ್ತು ನಿಮಿಷದಲ್ಲಿ ಚರ್ಮ ಒಳಗೊಳಗೇ ಬಿಡುತ್ತದೆ. ಪಾದ ಪೂರ್ತಿ ಒರೆಸಿ, ಒಣಗಿಸಿ, ಝಿಂಕ್ ಆಕ್ಸೈಡ್ ಅಂಟುಪಟ್ಟಿಯನ್ನು ಮೂಲೆಗಳು ದುಂಡಗಾಗುವಂತೆ ಕತ್ತರಿಸಿ, ಸುಕ್ಕಿಲ್ಲದೆ ಅಂಟಿಸಿ. ಚೂಪು ಮೂಲೆ ಬಿಟ್ಟರೆ ಕಾಲುಚೀಲಕ್ಕೆ ಸಿಕ್ಕಿ ಸುರುಳಿಯಾಗಿ, ಆ ಸುರುಳಿಯೇ ಇನ್ನೊಂದು ಬೊಬ್ಬೆ ಎಬ್ಬಿಸುತ್ತದೆ.

ಬೊಬ್ಬೆ ಎದ್ದೇಬಿಟ್ಟರೆ ಒಡೆಯದೆ, ಜೆಲ್ ಪಟ್ಟಿ ಅಂಟಿಸಿ, ಅದು ತಾನಾಗಿ ಬಿಡುವ ತನಕ ಕೀಳಬೇಡಿ. ಕಿತ್ತರೆ ಚರ್ಮವೂ ಜೊತೆಗೇ ಬರುತ್ತದೆ. ಕಾಲುಬೆರಳ ಉಗುರನ್ನು ಹೊರಡುವ ಎರಡು ದಿನ ಮೊದಲೇ ಕತ್ತರಿಸಿ. ಒದ್ದೆ ಬೂಟಿಗೆ ರಾತ್ರಿ ಹಳೇ ಪತ್ರಿಕೆ ತುರುಕಿಡಿ, ಒಂದು ಗಂಟೆ ಬಿಟ್ಟು ಹಾಳೆ ಬದಲಿಸಿ. ಹೀಟರಿನ ಮೇಲೆ ಇಟ್ಟರೆ ಅಂಟು ಬಿಡುತ್ತದೆ.

ನಡಿಗೆ ನಿಲ್ಲಿಸಬೇಕಾದ ಗುರುತುಗಳು: ಬೊಬ್ಬೆಯ ಸುತ್ತ ಕೆಂಪು ಹರಡುವುದು, ಕೀವು, ಕೆಂಪು ಗೆರೆ ಮೇಲಕ್ಕೆ ಏರುವುದು, ಜ್ವರ. ತುರ್ತಲ್ಲದ ವೈದ್ಯಕೀಯ ಸಲಹೆಗೆ 111ಕ್ಕೆ ಕರೆ ಮಾಡಿ. ಪ್ರಯಾಣ ವಿಮೆಯ ಸಂಖ್ಯೆ ಕಾಗದದಲ್ಲೂ ಬರೆದಿರಲಿ.

## ಹಂತ 8: ಚಳಿ, ಮಿಜ್, ಉಣ್ಣಿ

ಚಳಿ: ಮಳೆ ಮತ್ತು ಗಾಳಿ ಸೇರಿದರೆ 10 ಡಿಗ್ರಿಯಲ್ಲೂ ಮೈ ಅಪಾಯದ ಮಟ್ಟಕ್ಕೆ ತಣ್ಣಗಾಗುತ್ತದೆ. ಜೊತೆಗಾರರು ಜಿಪ್ಪು ಎಳೆಯಲು ತಡಕಾಡುತ್ತಿದ್ದರೆ, ಎಡವುತ್ತಿದ್ದರೆ, ಮಾತು ತೊದಲಿದರೆ ತಕ್ಷಣ ಮರೆಗೆ ಕರೆದೊಯ್ದು ಒಣ ಬಟ್ಟೆ, ಸಿಹಿ, ಬಿಸಿ ಪಾನೀಯ ಕೊಡಿ. ಮೈ ತಣ್ಣಗಿದ್ದೂ ನಡುಕ ನಿಂತಿದ್ದರೆ ಅದು ಗುಣವಾದ ಲಕ್ಷಣವಲ್ಲ, ತುರ್ತು ಸ್ಥಿತಿ. 999 ಅಥವಾ 112ಕ್ಕೆ ಕರೆ ಮಾಡಿ, ಮೊದಲು ಪೊಲೀಸ್, ಆಮೇಲೆ ಪರ್ವತ ರಕ್ಷಣಾ ದಳ ಬೇಕೆಂದು ಕೇಳಿ, ನೀವಿರುವ ಜಾಗವನ್ನು ಸೂಚಿಸುವ ನಕ್ಷೆಯ ಗ್ರಿಡ್ ಸಂಖ್ಯೆ ಹೇಳಿ.

ಮಿಜ್: ಬೆಳಗಿನ, ಸಂಜೆಯ ಗಾಳಿಯಿಲ್ಲದ ಹೊತ್ತಲ್ಲಿ ನೀರಂಚಿನಲ್ಲಿ ಮುತ್ತುತ್ತವೆ. ತಂಗಾಳಿ ಎದ್ದರೆ ಹಾರಲಾರವು. ಊಟಕ್ಕೆ ಕೂರಲು, ಟೆಂಟ್ ಹಾಕಲು ಗಾಳಿ ಆಡುವ ದಿಬ್ಬ ಆರಿಸಿ. ತಲೆಗೆ ಬಲೆ ಹಾಕಿಕೊಳ್ಳಿ.

ಉಣ್ಣಿ: ಮಂಗನ ಕಾಯಿಲೆಯಿಂದಾಗಿ ಉಣುಗಿನ ಅಪಾಯ ಏನೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಸ್ಕಾಟ್ಲೆಂಡಿನ ಉಣ್ಣಿ ಹರಡುವುದು ಲೈಮ್ ಕಾಯಿಲೆಯನ್ನು. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ರಾತ್ರಿ ಸ್ನಾನದ ಹೊತ್ತಿಗೆ ಮೊಣಕಾಲಿನ ಹಿಂಭಾಗ, ತೊಡೆಸಂದು, ಕಂಕುಳು, ಕೂದಲಂಚು ನೋಡಿ. ಕಚ್ಚಿದ್ದರೆ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ಹಿಚುಕದೆ, ನಿಧಾನವಾಗಿ ಮೇಲಕ್ಕೆ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಮಾಡಬೇಡಿ. ಕಚ್ಚಿದ ಜಾಗ, ದಿನಾಂಕ ಬರೆದಿಡಿ, ಫೋಟೊ ತೆಗೆದಿಡಿ.

ಚರ್ಮದ ಮೇಲಿನ ಕೆಂಪು ಉಂಗುರ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದೊಳಗೆ, ಕೆಲವೊಮ್ಮೆ ಮೂರು ತಿಂಗಳವರೆಗೂ ತಡವಾಗಿ ಬರುತ್ತದೆ. ಅಂದರೆ ನೀವು ಊರಿಗೆ ಬಂದು ಕೆಲಸಕ್ಕೆ ಹೋಗುತ್ತಿರುವಾಗ. ಹಾಗೇನಾದರೂ ಕಂಡರೆ, ಅಥವಾ ಕಾರಣವಿಲ್ಲದೆ ಜ್ವರ, ಮೈಕೈ ನೋವು ಬಂದರೆ, ಸ್ಕಾಟ್ಲೆಂಡಿನ ಕಾಡಿನಲ್ಲಿ ನಡೆದದ್ದನ್ನೂ ಉಣ್ಣಿ ಕಚ್ಚಿದ ದಿನಾಂಕವನ್ನೂ ವೈದ್ಯರಿಗೆ ನೀವಾಗಿಯೇ ಹೇಳಿ.